ಮುಂದಿನ ಅಂದ ನೋಡಿದ್ದು ಸಾಕು, ಹಿಂಭಾಗ ಓದಿ

ಪ್ರಶ್ನೆ: ನಮ್ಮದು ಚಿಕ್ಕರಸಿನಕೆರೆ. ಅಪ್ಪ ಕೂಡಿಟ್ಟ ಎಲ್‌ಪಿ ರೆಕಾರ್ಡುಗಳೂ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳೂ ಮನೆಯಲ್ಲಿವೆ. ರೇಡಿಯೊ ಕೇಳುವ ಅಭ್ಯಾಸವೂ ಇದೆ. ಎಪ್ಪತ್ತರ ದಶಕದ ಒಂದು ಸ್ಟೀರಿಯೊ ರಿಸೀವರ್ ಕೊಳ್ಳುವ ಆಸೆ. ಬೆಂಗಳೂರಿನಲ್ಲಿ ಮೂರು ನೋಡಿ ಬಂದಿದ್ದೇನೆ. ಒಂದು, ಅಮೆರಿಕದಿಂದ ತಂದ ಪಯೋನೀರ್ ಎಸ್‌ಎಕ್ಸ್-780, 45 ವ್ಯಾಟ್. ಎರಡು, ಮರಾಂಟ್ಸ್ 2220ಬಿ, 20 ವ್ಯಾಟ್. ಇದರ ಹಿಂದೆ ವೋಲ್ಟೇಜ್ ಬದಲಿಸುವ ವ್ಯವಸ್ಥೆ ಇದೆ. ಮೂರು, ಜಪಾನಿನಿಂದ ಬಂದ ಒಂದು ಸಾನ್ಸುಯಿ. ಡಯಲ್ಲಿನಲ್ಲಿ 76ರಿಂದ 90ರವರೆಗೆ ಅಂಕಿಗಳಿವೆ, ನೋಡಲು ಅದೇ ಬಹಳ ಚೆಂದ. ನಮ್ಮ ಕೋಣೆ 12 ಅಡಿಗೆ 14 ಅಡಿ. ಯಾವುದನ್ನು ಕೊಳ್ಳಲಿ?
– ಓದುಗರು, ಚಿಕ್ಕರಸಿನಕೆರೆ, ಮದ್ದೂರು ತಾಲ್ಲೂಕು

ಉತ್ತರ: ಮರಾಂಟ್ಸ್ 2220ಬಿ ಕೊಳ್ಳಿ. ಆದರೆ ಕೊನೆಯಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ಅದು ಪಾಸಾದರೆ ಮಾತ್ರ. ಪಯೋನೀರಿನ ಅರ್ಧದಷ್ಟೂ ವ್ಯಾಟ್ ಇಲ್ಲದ ಇದನ್ನೇ ಏಕೆ ಹೇಳುತ್ತಿದ್ದೇನೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನಾಳೆ ಈ ಮೂರೂ ಕೈತಪ್ಪಿ ನಾಲ್ಕನೆಯದು ಕಣ್ಣಿಗೆ ಬಿದ್ದರೂ ಇದೇ ಲೆಕ್ಕ ನಿಮಗೆ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಸೀಮೆಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವರು ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಹಳೇ ರಿಸೀವರಿನ ವಿಚಾರದಲ್ಲೂ ಹಾಗೇ ಮಾಡಬೇಕು. ಮಿರುಗುವ ಅಲ್ಯೂಮಿನಿಯಂ ಮುಖ, ನೀಲಿ ಬೆಳಕಿನ ಡಯಲ್, ಮರದ ಕವಚ ಇವೆಲ್ಲ ಮನಸ್ಸು ಸೆಳೆಯುತ್ತವೆ, ಸೆಳೆಯಲಿ. ಆದರೆ ಸೆಟ್ಟು ನಿಮ್ಮ ಮನೆಗೆ ಒಗ್ಗುತ್ತದೋ ಇಲ್ಲವೋ ಎಂಬುದು ಬರೆದಿರುವುದು ಅದರ ಬೆನ್ನ ಮೇಲೆ.

ಇದಕ್ಕೆ ಕಾರಣವಿದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಮ್ಮಲ್ಲಿ ಇಂಥ ವಸ್ತುಗಳ ಆಮದಿಗೆ ಬಿಗಿಯಾದ ಕಟ್ಟುಪಾಡು ಇತ್ತು. ಆ ಕಾಲದ ಜಪಾನಿ ಸೆಟ್ಟುಗಳು ಕರ್ನಾಟಕಕ್ಕೆ ಬಂದದ್ದು ಹೆಚ್ಚಾಗಿ ಗಲ್ಫ್‌ನಿಂದಲೋ ಅಮೆರಿಕದಿಂದಲೋ ಊರಿಗೆ ಮರಳಿದವರ ಸಾಮಾನಿನ ಜೊತೆ. ಈಗ ಹಳೇ ಮಾಲಿನ ವ್ಯಾಪಾರಿಗಳೇ ತರಿಸುತ್ತಾರೆ. ಹೇಗೆ ಬಂದರೂ ಪ್ರತಿ ಸೆಟ್ಟೂ ತಾನು ಹುಟ್ಟಿದ ಮಾರುಕಟ್ಟೆಯ ಕರೆಂಟಿಗೆ, ಆ ದೇಶದ ರೇಡಿಯೊಗೆ ತಕ್ಕಂತೆ ತಯಾರಾದದ್ದು.

ಮೊದಲು ಕರೆಂಟು

ನಮ್ಮ ಮನೆಗಳಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಅಮೆರಿಕದ ಸೆಟ್ಟನ್ನು ಮರೆತು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕಿದರೆ ಫ್ಯೂಸ್ ಹಾರುವುದು ಅದೃಷ್ಟ. ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಆ ಟ್ರಾನ್ಸ್‌ಫಾರ್ಮರಿಗೆ ಬದಲಿ ಸಿಗುವುದು ಬಹಳ ಕಷ್ಟ.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ನಿಜ. ಪಯೋನೀರಿಗೆ 500 ವಿಎ ಸಾಮರ್ಥ್ಯದ್ದಾದರೂ ಬೇಕು. ಆದರೆ 60 ಹರ್ಟ್ಸಿಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅದರ ಮೇಲೆ ನಿಮ್ಮದು ನಾಲೆ ನೀರಾವರಿಯ ಜೊತೆಗೆ ಪಂಪ್‌ಸೆಟ್ಟುಗಳೂ ಇರುವ ಕಬ್ಬು–ಭತ್ತದ ಸೀಮೆ. ಮೋಟಾರುಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಒಟ್ಟಿಗೆ ನಿಂತಾಗ ಏರುತ್ತದೆ. ಜಪಾನಿನ 100 ವೋಲ್ಟಿನ ಸೆಟ್ಟನ್ನು ಅಂಗಡಿಯಲ್ಲಿ ಸುಲಭವಾಗಿ ಸಿಗುವ 110 ವೋಲ್ಟಿನ ಸ್ಟೆಪ್‌ಡೌನಿಗೆ ಹಾಕಿದರೆ ಮೊದಲೇ ನೂರಕ್ಕೆ ಹತ್ತು ಜಾಸ್ತಿ. ಕಂಬದಲ್ಲಿ ವೋಲ್ಟೇಜ್ ಏರಿದ ಹೊತ್ತಿನಲ್ಲಿ ಅದು ಇನ್ನೂ ಏರುತ್ತದೆ.

ನೀವು ನೋಡಿದ ಮರಾಂಟ್ಸಿಗೆ ಈ ತಾಪತ್ರಯವಿಲ್ಲ. ಹಿಂದಿನ ಸೆಲೆಕ್ಟರನ್ನು 240ಕ್ಕೆ ತಿರುಗಿಸಿದರೆ ಆಯಿತು. 220, 240 ಎರಡೂ ಇದ್ದರೆ 240ನ್ನೇ ಆರಿಸಿ. ವೋಲ್ಟೇಜ್ ಏರಿದಾಗ ಅದೇ ಕಾಪಾಡುವುದು. ಫ್ಯೂಸ್ ಆ ವೋಲ್ಟೇಜಿಗೆ ಹೇಳಿದ್ದೇ ಇದೆಯೇ ನೋಡಿ. ಮುಂದೆಂದಾದರೂ ಫ್ಯೂಸ್ ಹೋದರೆ ಅದರ ಜಾಗದಲ್ಲಿ ತಂತಿ ಸುತ್ತುವ ಕೆಲಸ ಬೇಡವೇ ಬೇಡ. ಜೊತೆಗೆ ಒಂದು ಒಳ್ಳೆಯ ಸ್ಟೆಬಿಲೈಜರ್ ಇರಲಿ.

ಆಮೇಲೆ ರೇಡಿಯೊ

ರಿಸೀವರ್ ಅಂದರೆ ರೇಡಿಯೊ ಹಿಡಿಯುವ ಟ್ಯೂನರ್ ಮತ್ತು ಸ್ಪೀಕರ್ ನುಡಿಸುವ ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟು. ರೇಡಿಯೊ ಕೇಳದವರಿಗೆ ಇದು ಬೇಕಿಲ್ಲ, ಬರೀ ಆಂಪ್ಲಿಫೈಯರ್ ಸಾಕು. ನೀವು ಕೇಳುವವರು. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿ ಇವತ್ತಿಗೂ ಮೈಸೂರಿನಿಂದ 100.6ರಲ್ಲಿ ಬರುತ್ತಿರುವಾಗ, ಟ್ಯೂನರ್ ಕೆಲಸಕ್ಕೆ ಬಾರದ ರಿಸೀವರನ್ನು ಮನೆಗೆ ಏಕೆ ತರಬೇಕು?

ಸಾನ್ಸುಯಿ ಸೋಲುವುದು ಇಲ್ಲೇ. ಜಪಾನಿನ ಎಫ್ಎಂ ಪಟ್ಟಿ ಆಗ 76ರಿಂದ 90 ಮೆಗಾಹರ್ಟ್ಸ್. ನಮ್ಮದು 88ರಿಂದ 108. ಮೈಸೂರು 100.6, ಬೆಂಗಳೂರಿನ ರೇನ್‌ಬೋ 101.3, ವಿವಿಧ ಭಾರತಿ 102.9 ಎಲ್ಲವೂ ಆ ಡಯಲ್ ಮುಗಿದ ಮೇಲೆ ಬರುವ ಕೇಂದ್ರಗಳು. ಮುಂಭಾಗದಲ್ಲಿ ಓದಲೇಬೇಕಾದದ್ದು ಈ ಅಂಕಿಗಳನ್ನು ಮಾತ್ರ. ನಿಮ್ಮ ಕಣ್ಣು ಅವನ್ನು ಗಮನಿಸಿದೆ, ಒಳ್ಳೆಯದಾಯಿತು.

ಎಂಬತ್ತರ ದಶಕದ, ಅಂಕಿ ಮಿನುಗುವ ಡಿಜಿಟಲ್ ಟ್ಯೂನರಿನ ಅಮೆರಿಕನ್ ಸೆಟ್ಟು ಎದುರಾದರೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಅನೇಕವು ಎಫ್ಎಂನಲ್ಲಿ 100.5, 100.7 ಹೀಗೆ ಎರಡೆರಡು ದಶಾಂಶ ಹಾರುತ್ತವೆ, ಮೈಸೂರಿನ 100.6 ನಡುವೆ ಬಿದ್ದುಹೋಗುತ್ತದೆ. ಮೀಡಿಯಂ ವೇವ್‌ನಲ್ಲಿ ಹತ್ತು ಹತ್ತು ಕಿಲೋಹರ್ಟ್ಸ್ ಹಾರುವುದರಿಂದ ಬೆಂಗಳೂರಿನ 612ರ ಮೇಲೂ ನಿಲ್ಲುವುದಿಲ್ಲ. ನಮ್ಮಲ್ಲಿ ಒಂಬತ್ತರ ಲೆಕ್ಕ. ಮುಳ್ಳು ಜಾರುವ ಹಳೇ ಡಯಲ್ಲಿಗೆ ಈ ಹಂಗಿಲ್ಲ, ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ.

ನಿಮ್ಮೂರಿಗೆ ಎರಡೂ ನಗರಗಳು ದೂರ. ಸೆಟ್ಟಿನ ಹಿಂದೆ ತುಂಡು ತಂತಿ ಸಿಕ್ಕಿಸಿದರೆ ಸಾಲದು, ಛಾವಣಿಯ ಮೇಲೆ ಆಂಟೆನಾ ಬೇಕು. ಸುಮಾರು ಒಂದೂವರೆ ಮೀಟರ್ ಉದ್ದದ ಡೈಪೋಲ್ ಸಾಕು. ಡೈಪೋಲ್ ತನ್ನ ಎರಡು ಮಗ್ಗುಲಿನಿಂದ ಚೆನ್ನಾಗಿ ಹಿಡಿಯುತ್ತದೆ, ತುದಿಗಳ ಕಡೆಯಿಂದ ಹಿಡಿಯುವುದಿಲ್ಲ. ಚಿಕ್ಕರಸಿನಕೆರೆಯಲ್ಲಿ ನಿಂತರೆ ಬೆಂಗಳೂರು ಈಶಾನ್ಯಕ್ಕೆ, ಮೈಸೂರು ಹೆಚ್ಚುಕಡಿಮೆ ಅದರ ಎದುರು ದಿಕ್ಕಿಗೆ. ಹಾಗಾಗಿ ಆಂಟೆನಾವನ್ನು ವಾಯವ್ಯದಿಂದ ಆಗ್ನೇಯಕ್ಕೆ ಉದ್ದವಾಗಿ ಕಟ್ಟಿದರೆ ಒಂದೇ ಆಂಟೆನಾ ಎರಡು ಊರಿಗೂ ಮುಖ ಮಾಡಿರುತ್ತದೆ. ಸ್ಟೀರಿಯೊದಲ್ಲಿ ಸುಯ್‌ಗುಟ್ಟಿದರೆ ಮೋನೊ ಒತ್ತಿ; ಕ್ಷೀಣವಾದ ಸಿಗ್ನಲ್ ಮೋನೊದಲ್ಲಿ ಬಹಳ ಶುದ್ಧವಾಗಿ ಕೇಳುತ್ತದೆ.

ವ್ಯಾಟಿನ ಲೆಕ್ಕ

45 ಇರುವಾಗ 20 ಏಕೆ ಎಂದು ನಿಮಗೆ ಅನ್ನಿಸಿರಬೇಕು. ಕಿವಿಯ ಲೆಕ್ಕವೇ ಬೇರೆ. ಸದ್ದು ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. 20ಕ್ಕೂ 45ಕ್ಕೂ ಇರುವ ವ್ಯತ್ಯಾಸ ಮೂರೂವರೆ ಡೆಸಿಬಲ್, ಅಂದರೆ ವಾಲ್ಯೂಮ್ ಗುಂಡಿಯ ಸಣ್ಣದೊಂದು ತಿರುವು. ಸಾಧಾರಣ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಆಸುಪಾಸು ಕೊಡುತ್ತದೆ. ನಾವು ಕೂತು ಮಾತಾಡುವ ಸದ್ದು 60ರ ಸುಮಾರು. 12 ಅಡಿಗೆ 14 ಅಡಿ ಕೋಣೆಯಲ್ಲಿ ನಿಮ್ಮ ಹಾಡು ಹೆಚ್ಚಿನ ಹೊತ್ತು ಒಂದೆರಡು ವ್ಯಾಟಿನಲ್ಲೇ ಮುಗಿಯುತ್ತದೆ. ಉಳಿದದ್ದು ತಮಟೆಯ ಪೆಟ್ಟಿನಂಥ ದಿಢೀರ್ ಏರಿಕೆಗೆ ಮೀಸಲು. ಅದಕ್ಕೆ 20 ಧಾರಾಳ.

ಅಷ್ಟೇ ಅಲ್ಲ, ಆ 20 ನಂಬಿಕೆಯ 20. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮ ತಂದಿತು: ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನೇ, ಎಷ್ಟು ವಿಕೃತಿಯೊಂದಿಗೆ ಎಂಬುದನ್ನೂ ಸೇರಿಸಿ ಹೇಳಬೇಕು. ಎಪ್ಪತ್ತರ ದಶಕದ ಕೊನೆಯ ಸೆಟ್ಟುಗಳ ಅಂಕಿಗಳು ಗಟ್ಟಿಯಾಗಿರುವುದು ಇದರಿಂದ. ನಮ್ಮಲ್ಲಿ ಆಮೇಲೆ ಬಂದ, ಪಿಎಂಪಿಒ ಎಂದು ಸಾವಿರ ವ್ಯಾಟ್ ಬರೆದುಕೊಂಡ ಪೆಟ್ಟಿಗೆಗಳ ಜೊತೆ ಇದನ್ನು ಹೋಲಿಸಬಾರದು.

ಪಯೋನೀರಿನಲ್ಲಿ ಇನ್ನೊಂದು ಕಷ್ಟವಿದೆ. ಅದರ ಔಟ್‌ಪುಟ್ ಭಾಗ ಎಸ್‌ಟಿಕೆ ಎಂಬ ಹೈಬ್ರಿಡ್ ಪ್ಯಾಕಿನಲ್ಲಿದೆ. ಅದು ಹೋದರೆ ಪ್ಯಾಕನ್ನೇ ಬದಲಿಸಬೇಕು. ಮಾರುಕಟ್ಟೆಯಲ್ಲಿ ನಕಲಿಯ ಹಾವಳಿ. ಬಿಡಿ ಟ್ರಾನ್ಸಿಸ್ಟರುಗಳಿರುವ ಸೆಟ್ಟಾದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸರಿಹೊಂದುವ ಟ್ರಾನ್ಸಿಸ್ಟರ್ ಹುಡುಕಿ ಕೂರಿಸುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ರಿಪೇರಿ ಆಗುವ ಸೆಟ್ಟೇ ಬಾಳುವ ಸೆಟ್ಟು. ಇದೇ ಕಾರಣಕ್ಕೆ, ನಮ್ಮ ದೇಶದಲ್ಲೇ 230 ವೋಲ್ಟಿಗೆ ತಯಾರಾದ ಸೋನೊಡೈನ್, ಕಾಸ್ಮಿಕ್, ಫಿಲಿಪ್ಸ್ ಸೆಟ್ಟುಗಳು ಸುಸ್ಥಿತಿಯಲ್ಲಿ ಸಿಕ್ಕರೆ ಕೀಳಾಗಿ ಕಾಣಬೇಡಿ.

ರೆಕಾರ್ಡು, ಕ್ಯಾಸೆಟ್ಟು

ಹಿಂಭಾಗದಲ್ಲಿ ಫೋನೊ ಎಂದು ಬರೆದ ಜೋಡಿ ತೂತುಗಳು ನಿಮ್ಮ ಎಲ್‌ಪಿಗಳ ಬಾಗಿಲು. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ವೋಲ್ಟಿನ ಕೆಲವೇ ಸಾವಿರದ ಭಾಗ. ಅದನ್ನು ಹಿಗ್ಗಿಸಿ, ರೆಕಾರ್ಡು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಮತ್ತೆ ತುಂಬುವ ಕೆಲಸ ಇಲ್ಲಿ ನಡೆಯುತ್ತದೆ. ಅಪ್ಪನ ಪ್ಲೇಯರ್ ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರಾಗಿದ್ದರೆ ಅದರಲ್ಲಿರುವುದು ಸೆರಾಮಿಕ್ ಕಾರ್ಟ್ರಿಜ್. ಅದನ್ನು ಫೋನೊಗೆ ಹಾಕಿದರೆ ಕರ್ಕಶವಾಗಿ ಕಿರುಚುತ್ತದೆ, ಆಕ್ಸ್ ಎಂದು ಬರೆದ ತೂತಿಗೆ ಹಾಕಿ. ಅರವತ್ತು, ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳು ಬಹುಪಾಲು ಮೋನೊ. ಅವನ್ನು ಮೋನೊ ಬಟನ್ ಒತ್ತಿಯೇ ಕೇಳಿ. ಮುಳ್ಳು ಮೇಲೆ ಕೆಳಗೆ ಕುಣಿಯುವುದರಿಂದ ಹುಟ್ಟುವ ಗರಗರ ಅಷ್ಟರಮಟ್ಟಿಗೆ ಕರಗುತ್ತದೆ.

ಕ್ಯಾಸೆಟ್ ಡೆಕ್ಕಿಗೆ ಟೇಪ್ ಇನ್ ಇದೆ. 1978ರ ‘ನಿತ್ಯೋತ್ಸವ’ದಿಂದ ಶುರುವಾದ ನಮ್ಮ ಭಾವಗೀತೆ ಕ್ಯಾಸೆಟ್ಟುಗಳು ಈ ದಾರಿಯಲ್ಲೇ ಹಾಡಬೇಕು. ಟೇಪ್ ಮಾನಿಟರ್ ಬಟನ್ ಒತ್ತಿದ್ದು ಹಾಗೇ ಇದ್ದರೆ ರೇಡಿಯೊ, ರೆಕಾರ್ಡು ಎರಡೂ ಮೂಕವಾಗುತ್ತವೆ. ಇದು ತಿಳಿಯದೆ ಒಳ್ಳೆಯ ಸೆಟ್ಟನ್ನು ಕೆಟ್ಟಿದೆ ಎಂದು ಮಾರುವವರೂ ಇದ್ದಾರೆ.

ಅಂಗಡಿಯಲ್ಲಿ ಏನು ಮಾಡಬೇಕು

ಮೇಲಿನ ಮುಚ್ಚಳ ಬಿಚ್ಚಿಸಿ. ಸುಟ್ಟು ಕಪ್ಪಾದ ರೆಸಿಸ್ಟರ್, ಉಬ್ಬಿದ ಕೆಪಾಸಿಟರ್, ಹೊಸ ಬೆಸುಗೆ, ಹಲ್ಲಿ ಮೊಟ್ಟೆ, ಜಿರಲೆ ಹಿಕ್ಕೆ ಇವನ್ನು ಹುಡುಕಿ. ಬಹಳ ದಿನ ಮಲಗಿದ್ದ ಸೆಟ್ಟಾದರೆ ಮೊದಲ ಸಲ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬಿನ ಸೀರೀಸ್ ಲ್ಯಾಂಪ್ ಮೂಲಕ ಹಾಕಿಸಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಬೆಳಗಿಯೇ ನಿಂತರೆ ಒಳಗೆ ಶಾರ್ಟ್ ಇದೆ, ಆರಿಸಿಬಿಡಿ.

ಸ್ಪೀಕರ್ ಜೋಡಿಸುವ ಮೊದಲು ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್‌ಗಳಲ್ಲಿ ಅಳೆಯಿರಿ. ಎರಡೂ ಚಾನೆಲ್ಲಿನಲ್ಲಿ 50ರೊಳಗೆ ಇದ್ದರೆ ನೆಮ್ಮದಿ. ನೂರು ದಾಟಿದರೆ ಸರ್ವಿಸ್ ಬೇಕು. ವೋಲ್ಟುಗಳಲ್ಲೇ ತೋರಿಸಿದರೆ ಆ ಸೆಟ್ಟು ನಿಮ್ಮ ಸ್ಪೀಕರಿನ ಕಾಯಿಲ್ ಸುಡುತ್ತದೆ. ಎಲ್ಲ ಗುಂಡಿಗಳನ್ನೂ ತಿರುಗಿಸಿ. ಕರಕರ ಅಂದರೆ ಹೆದರಬೇಡಿ, ಅದು ದೂಳು; ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೆಚ್ಚಾಗಿ ಹೋಗುತ್ತದೆ. ಒಂದು ಚಾನೆಲ್ ಪೂರ್ತಿ ಸತ್ತಿದ್ದರೆ ಅದು ಬೇರೆ ಮಾತು.

ಕೊನೆಗೆ ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಹಾಕಿ. ನಿಮ್ಮ ಸೀಮೆಯವರಿಗೆ ನಾನು ಹೇಳುವುದು ನೀಲಗಾರರ ಪದ, ಮಳವಳ್ಳಿ ಮಹದೇವಸ್ವಾಮಿಯವರ ಮಂಟೇಸ್ವಾಮಿ ಕಥೆಯ ಒಂದು ಕ್ಯಾಸೆಟ್. ತಂಬೂರಿಯ ಶ್ರುತಿ ಒಂದೇ ಸಮ ಹರಿಯಬೇಕು. ಅದರಡಿ ಗುಂಯ್ ಎಂಬ ಇನ್ನೊಂದು ಸದ್ದಿದ್ದರೆ ಪವರ್ ಸಪ್ಲೈನ ದೊಡ್ಡ ಕೆಪಾಸಿಟರುಗಳು ಬಳಲಿವೆ ಎಂದು ಅನುಮಾನಿಸಿ. ಗಗ್ಗರದ ಪ್ರತಿ ಅಲುಗಾಟವೂ ಬಿಡಿಬಿಡಿಯಾಗಿ ಕೇಳಬೇಕು. ಕಲಸಿ ಸರಸರ ಆಗಬಾರದು. ಮೋನೊ ಒತ್ತಿದಾಗ ಕಥೆ ಹೇಳುವ ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಒಂದು ಚಾನೆಲ್ ಬಡವಾಗಿದೆ. ಒಂದು ಗಂಟೆ ಬಿಡದೆ ನುಡಿಸಿ, ಹಿಂದಿನ ಹೀಟ್‌ಸಿಂಕ್ ಮುಟ್ಟಿ ನೋಡಿ. ಎರಡೂ ಬದಿ ಒಂದೇ ಬಿಸಿ ಇರಬೇಕು.

ಇಷ್ಟಕ್ಕೂ ಮಾರುವವರು ಒಪ್ಪದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ. ಒಪ್ಪಿ, ಮರಾಂಟ್ಸ್ ಪಾಸಾದರೆ ಕೊಳ್ಳಿ. ದೊಡ್ಡ ಸೆಟ್ಟಿಗೆ ಸುರಿಯಬೇಕಿದ್ದ ದುಡ್ಡಿನಲ್ಲಿ ಉಳಿದದ್ದನ್ನು ಒಂದು ಪೂರ್ತಿ ಸರ್ವಿಸ್‌ಗೆ, 8 ಓಮಿನ ಒಳ್ಳೆಯ ಸ್ಪೀಕರುಗಳಿಗೆ, ಅಪ್ಪನ ಪ್ಲೇಯರಿಗೆ ಹೊಸ ಮುಳ್ಳಿಗೆ ಹಾಕಿ. ಸವೆದ ಮುಳ್ಳು ರೆಕಾರ್ಡನ್ನು ಕೆರೆದು ಹಾಳುಮಾಡುತ್ತದೆ. ರಿಸೀವರ್ ಇದು ಹೋದರೆ ಇನ್ನೊಂದು ಬರುತ್ತದೆ. ಅಪ್ಪ ಕೂಡಿಟ್ಟ ರೆಕಾರ್ಡುಗಳು ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೊದಲ ಖರ್ಚು ಮುಳ್ಳಿನದೇ ಆಗಲಿ.