ಮೊದಲು ಅಗತ್ಯ, ಆಮೇಲೆ ಯಂತ್ರ

ಪ್ರೋಗ್ರಾಮಿಂಗ್ ಬಾರದವರು ಬಿಸಿನೆಸ್ ಅನಲಿಸ್ಟ್ ಆಗಬಹುದೇ ಎಂಬ ಅನುಮಾನ ನಿಮಗಿದ್ದರೆ ಅದನ್ನು ಇಲ್ಲಿಯೇ ಬಿಟ್ಟುಬಿಡಿ. ಆಗಬಹುದು. ಈ ಕೆಲಸಕ್ಕೆ ಮೊದಲು ಬೇಕಾದದ್ದು ಕೇಳಿಸಿಕೊಳ್ಳುವ ತಾಳ್ಮೆ. ಒಂದು ಸಂಸ್ಥೆ ಹೊಸ ವ್ಯವಸ್ಥೆಯನ್ನು ಕಟ್ಟಲು ಹೊರಟಾಗ ಅದು ಯಾರಿಗಾಗಿ, ಏನು ಮಾಡಬೇಕು, ಎಷ್ಟು ಚೆನ್ನಾಗಿ ಮಾಡಬೇಕು ಎಂದು ವಿಚಾರಿಸಿ ಬರೆದಿಟ್ಟು, ಕೆಲಸ ಮುಗಿಯುವ ತನಕ ಅದರ ಮೇಲೆ ಕಣ್ಣಿಟ್ಟಿರುವವರೇ ಬಿಸಿನೆಸ್ ಅನಲಿಸ್ಟ್. ಹಾಗೆ ಬರೆದಿಟ್ಟ ಒಂದೊಂದು ಮಾತಿಗೂ ರಿಕ್ವೈರ್‌ಮೆಂಟ್ ಎನ್ನುತ್ತಾರೆ. ಇಲ್ಲಿ ನಾವು 'ಅಗತ್ಯ' ಎನ್ನೋಣ.

ನೀವು ಲಂಡನ್ನಿನ ಪಿನ್ನರ್ ಸುತ್ತಮುತ್ತ ಇರುವವರಾದರೆ ಮೊದಲ ಪಾಠಕ್ಕೆ ತರಗತಿಯೇ ಬೇಡ. ಮೆಮೋರಿಯಲ್ ಪಾರ್ಕಿನಲ್ಲಿ 2016ರಲ್ಲಿ ಬಾಗಿಲು ತೆರೆದ ಹೀತ್ ರಾಬಿನ್ಸನ್ ಮ್ಯೂಸಿಯಂಗೆ ಹೋಗಿ ಬನ್ನಿ. 1913ರಿಂದ 1918ರವರೆಗೆ ಇದೇ ಊರಿನ ಮಾಸ್ ಲೇನ್‌ನಲ್ಲಿ ವಾಸವಿದ್ದ ಚಿತ್ರಕಾರ ಹೀತ್ ರಾಬಿನ್ಸನ್, ಪುಟ್ಟ ಕೆಲಸಗಳಿಗೆ ರಾಟೆ, ಹಗ್ಗ, ಗಂಟುಗಳ ಭಾರಿ ಯಂತ್ರಗಳನ್ನು ಬರೆದು ಹೆಸರಾದವರು. ರಾತ್ರಿ ಕೂಗುವ ಬೆಕ್ಕುಗಳ ಮೇಲೆ ನೀರೆರಚುವ ಯಂತ್ರ ಅವುಗಳಲ್ಲೊಂದು. ಅಂಥ ಚಿತ್ರದ ಮುಂದೆ ನಿಂತು, ಆ ಮನೆಯವರ ಅಗತ್ಯ ಏನು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನೀರೆರಚುವ ಯಂತ್ರ ಎಂದು ಥಟ್ಟನೆ ಹೇಳಬೇಡಿ, ಅದು ಪರಿಹಾರ. ಅಗತ್ಯವಿದ್ದದ್ದು ನೆಮ್ಮದಿಯ ನಿದ್ದೆ. ಕಿಟಕಿ ಮುಚ್ಚಿದರೂ ಅದು ಸಿಗಬಹುದಿತ್ತು.

ಕಚೇರಿಗಳಲ್ಲಿಯೂ ಜನ ನಿಮ್ಮ ಬಳಿ ಪರಿಹಾರವನ್ನೇ ಹಿಡಿದು ಬರುತ್ತಾರೆ. 'ನಮಗೊಂದು ಆ್ಯಪ್ ಬೇಕು' ಎನ್ನುತ್ತಾರೆ. ಅದು ಬಂದರೆ ನಿಮ್ಮ ಯಾವ ಕಷ್ಟ ತಪ್ಪುತ್ತದೆ ಎಂದು ನೀವು ಮೆಲ್ಲಗೆ ಕೇಳಬೇಕು.

ಈ ಪ್ರಶ್ನೆಯನ್ನು ಸರಿಯಾದವರಿಗೆ ಕೇಳದಿದ್ದರೆ ಏನಾಗುತ್ತದೆ? ಇದಕ್ಕೆ ನಾನು ಯಾವಾಗಲೂ ಹೇಳಿಕೊಡುವುದು ಪಿನ್ನರ್‌ಗೂ ಸೇವೆ ಸಲ್ಲಿಸುವ ಲಂಡನ್ ಆಂಬುಲೆನ್ಸ್ ಸೇವೆಯ ಕಥೆಯನ್ನು. 1992ರವರೆಗೆ ಅಲ್ಲಿ ತುರ್ತು ಕರೆಗಳನ್ನು ಕಾಗದದ ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದರು. ಯಾವ ವಾಹನ ಎಲ್ಲಿಗೆ ಹೋಗಬೇಕೆಂದು ಸಿಬ್ಬಂದಿಯೇ ತೀರ್ಮಾನಿಸುತ್ತಿದ್ದರು. ಆ ವರ್ಷದ ಅಕ್ಟೋಬರ್ 26ರಂದು ಈ ತೀರ್ಮಾನವನ್ನು ಕಂಪ್ಯೂಟರಿಗೆ ಒಪ್ಪಿಸಲಾಯಿತು. ವಾಹನಗಳು ಎಲ್ಲಿವೆ, ಯಾವುದು ಖಾಲಿಯಿದೆ ಎಂಬ ಮಾಹಿತಿ ಯಾವಾಗಲೂ ಬಹುತೇಕ ನಿಖರವಾಗಿ ಬರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ವಾಸ್ತವದಲ್ಲಿ ಧಾವಂತದಲ್ಲಿದ್ದ ಚಾಲಕರು ವಾಹನದ ಸ್ಥಿತಿ ತಿಳಿಸುವ ಗುಂಡಿಗಳನ್ನು ತಪ್ಪಾಗಿ ಒತ್ತುತ್ತಿದ್ದರು, ಸೂಚಿಸಿದ ವಾಹನ ಬಿಟ್ಟು ಇನ್ನೊಂದನ್ನು ಒಯ್ಯುತ್ತಿದ್ದರು, ರೇಡಿಯೋ ಸಂಪರ್ಕ ತಪ್ಪುತ್ತಿತ್ತು. ಮಾಹಿತಿ ಕೆಟ್ಟಂತೆ ಒಂದೇ ಕರೆಗೆ ಎರಡು ಆಂಬುಲೆನ್ಸ್ ಹೊರಟವು, ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಸೂಚನೆ ಹೋಯಿತು. ಎಚ್ಚರಿಕೆಯ ಸಂದೇಶಗಳು ರಾಶಿಯಾಗಿ, ಹಳೆಯವು ಪರದೆಯ ಮೇಲಿನಿಂದ ಸರಿದು ಮರೆಯಾದವು. ಕಾದು ಸಾಕಾದ ಜನ ಮತ್ತೆ ಮತ್ತೆ ಫೋನ್ ಮಾಡಿದ್ದರಿಂದ ಕರೆಗಳ ಹೊರೆಯೂ ಏರಿತು. ಮರುದಿನ ಅರ್ಧ ಕೆಲಸ ಮನುಷ್ಯರ ಕೈಗೆ ಮರಳಿತು. ನವೆಂಬರ್ 4ರಂದು ಪ್ರೋಗ್ರಾಮಿನಲ್ಲಿದ್ದ ಸಣ್ಣ ದೋಷವೊಂದರಿಂದ ಕಂಪ್ಯೂಟರ್ ಪೂರ್ತಿ ನಿಂತು, ಹಳೆಯ ಕಾಗದ ಪದ್ಧತಿಯೇ ಗತಿಯಾಯಿತು.

ಈ ವೈಫಲ್ಯದ ಕುರಿತ 1993ರ ವಿಚಾರಣಾ ವರದಿಯ ಒಂದು ಮಾತನ್ನು ನೀವು ಮನಸ್ಸಿನಲ್ಲಿಡಬೇಕು. ಆ ಮೊದಲ ಎರಡು ದಿನ ಕಂಪ್ಯೂಟರ್ ಒಟ್ಟಾರೆ ತನಗೆ ಹೇಳಿದ್ದನ್ನೇ ಮಾಡಿತ್ತು, ವಿನ್ಯಾಸದಲ್ಲಿಯೇ ಕೇಡಿತ್ತು. ಅಗತ್ಯಗಳ ದಾಖಲೆ ಬಹಳ ವಿವರವಾಗಿತ್ತು, ಆದರೆ ಅದನ್ನು ಬರೆಯುವಾಗ ಆಂಬುಲೆನ್ಸ್ ಸಿಬ್ಬಂದಿಯನ್ನು ಸೇರಿಸಿಕೊಂಡದ್ದು ತೀರ ಕಡಿಮೆ. ವ್ಯವಸ್ಥೆಯಿಂದ ಬದುಕು ಬದಲಾಗುವ ಇಂಥ ಜನರನ್ನು ನಮ್ಮ ವೃತ್ತಿಯಲ್ಲಿ ಸ್ಟೇಕ್‌ಹೋಲ್ಡರ್ ಎನ್ನುತ್ತಾರೆ. ಅವರ ಪಟ್ಟಿ ಮಾಡುವುದು ಅನಲಿಸ್ಟ್‌ನ ಮೊದಲ ಕೆಲಸ. ಹಣ ಕೊಡುವವರ ಹೆಸರು ತಾನಾಗಿ ಪಟ್ಟಿಗೆ ಬರುತ್ತದೆ. ರಾತ್ರಿ ಪಾಳಿಯ ಚಾಲಕರ ಹೆಸರನ್ನು ನೀವೇ ಹುಡುಕಿ ಬರೆಯಬೇಕು. ಸಾಧ್ಯವಾದರೆ ಅವರ ಪಕ್ಕದಲ್ಲಿ ಕುಳಿತು ಕೆಲಸ ನೋಡಿ. ಎಷ್ಟೋ ಸಂಗತಿಗಳು ಅವರಿಗೆ ಅಭ್ಯಾಸವಾಗಿರುವುದರಿಂದ ಬಾಯಲ್ಲಿ ಹೇಳಲು ನೆನಪೇ ಆಗುವುದಿಲ್ಲ.

ಈಗ ಬರೆಯುವ ಕ್ರಮಕ್ಕೆ ಬರೋಣ. 'ಆಂಬುಲೆನ್ಸ್ ಬೇಗ ಹೊರಡಬೇಕು' ಎಂಬುದು ಒಳ್ಳೆಯ ಆಸೆ, ಅಗತ್ಯವಲ್ಲ. ಬೇಗ ಎಂದರೆ ಎಷ್ಟು ಎಂದು ಯಾರೂ ಅಳೆಯಲಾರರು. 'ಕರೆ ಬಂದ 3 ನಿಮಿಷದೊಳಗೆ ವಾಹನಕ್ಕೆ ಸೂಚನೆ ಹೋಗಬೇಕು' ಎಂದರೆ ಅದನ್ನು ಪರೀಕ್ಷಿಸಬಹುದು. ಆ ಕಾಲದ ಆಂಬುಲೆನ್ಸ್ ಸೇವೆಗೆ ಇದ್ದ ಮಾನದಂಡವೂ ಅದೇ. ವ್ಯವಸ್ಥೆ ಏನು ಮಾಡಬೇಕೆಂದು ಹೇಳುವುದು ಒಂದು ಬಗೆಯ ಅಗತ್ಯ. ಎಷ್ಟು ವೇಗವಾಗಿ, ಎಷ್ಟು ಭದ್ರವಾಗಿ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಚೇತರಿಸಿಕೊಳ್ಳಬೇಕೆಂದು ಹೇಳುವುದು ಇನ್ನೊಂದು ಬಗೆ. ಹೊಸಬರು ಎರಡನೆಯದನ್ನು ಮರೆಯುತ್ತಾರೆ. ಲಂಡನ್ನಿನಲ್ಲಿ ಒಂದು ಕಂಪ್ಯೂಟರ್ ನಿಂತಾಗ ಕೆಲಸ ಎತ್ತಿಕೊಳ್ಳಬೇಕಿದ್ದ ಇನ್ನೊಂದರ ಏರ್ಪಾಡು ಕೈಕೊಟ್ಟಿತ್ತು.

ಬರೆದಾದ ಮೇಲೆ ನಿರ್ವಹಣೆ. ಪ್ರತಿ ಅಗತ್ಯಕ್ಕೂ ಒಂದು ಸಂಖ್ಯೆ ಕೊಡಿ; ಯಾರು ಕೇಳಿದರು, ಏಕೆ, ಯಾವ ಪರೀಕ್ಷೆಯಿಂದ ಪೂರೈಸಿತೆಂದು ತಿಳಿಯುತ್ತದೆ ಎಂಬುದನ್ನು ಜೊತೆಗೇ ಬರೆಯಿರಿ. ಆದ್ಯತೆಗೆ ಮಾಸ್ಕೋ ಎಂಬ ಪದ್ಧತಿಯಿದೆ: ಇರಲೇಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲಕ್ಕೆ ಬೇಡ. ಬದಲಾವಣೆಗಳು ಬಂದೇ ಬರುತ್ತವೆ, ಅವಕ್ಕೆ ಹೆದರಬೇಡಿ. ಒಂದನ್ನು ಬದಲಿಸಿದರೆ ಇನ್ನಾವುದು ಅಲುಗಾಡುತ್ತದೆ ಎಂದು ನೋಡಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ದಾಖಲಿಸಿ ಮುಂದುವರಿಯಿರಿ.

ಅದೇ ಆಂಬುಲೆನ್ಸ್ ಸೇವೆ 1996ರಲ್ಲಿ ಹೊಸ ವ್ಯವಸ್ಥೆಯನ್ನು ತಂದಿತು. ಈ ಬಾರಿ ಸಿಬ್ಬಂದಿಯನ್ನು ಜೊತೆಗೂಡಿಸಿಕೊಂಡು, ಹಂತ ಹಂತವಾಗಿ ಮುಂದುವರಿದರು, ಕೆಲಸ ಗೆದ್ದಿತು.

ಬ್ರಿಟನ್ನಿನಲ್ಲಿ ಬಿಸಿಎಸ್ ಸಂಸ್ಥೆಯ ಫೌಂಡೇಶನ್ ಪ್ರಮಾಣಪತ್ರವಿದೆ, ಐಐಬಿಎ ಸಂಸ್ಥೆಯ ಇಸಿಬಿಎ ಎಂಬ ಪರೀಕ್ಷೆಯೂ ಇದೆ. ಆ ಪರೀಕ್ಷೆಗಳನ್ನು ನೀವು ಮುಂದೆ ಬರೆಯಬಹುದು. ಈ ವಾರ ನಿಮಗೆ ಪರಿಚಯವಿರುವ ಒಂದು ಅಂಗಡಿಯನ್ನೋ ಕನ್ನಡ ಶಾಲೆಯನ್ನೋ ಆರಿಸಿಕೊಳ್ಳಿ. ಅಲ್ಲಿ ಕೆಲಸ ಮಾಡುವ ಒಬ್ಬರ ಜೊತೆ ಒಂದು ಗಂಟೆ ಕುಳಿತು, ಅವರ ಐದು ಅಗತ್ಯಗಳನ್ನು ಪರೀಕ್ಷಿಸಲು ಬರುವಂತೆ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿಕೊಳ್ಳಿ.