ಧರ್ಮಕ್ಕೆ ಯಾಕಮ್ಮ, ಅಂದರು ಅಪ್ಪ

ಆಪರೇಷನ್ನಿಗೆ ದುಡ್ಡು ಹೊಂದಿಸುವುದು ನಮ್ಮ ಮನೆಗಳಿಗೆ ಗೊತ್ತು. ಒಡವೆ ಅಡವಿಡುತ್ತೇವೆ, ಎಫ್‌ಡಿ ಮುರಿಸುತ್ತೇವೆ. 'ಇನ್ನು ಕೀಮೊ ಬೇಡ, ಮನೆಗೆ ಕರಕೊಂಡು ಹೋಗಿ' ಎಂದು ಡಾಕ್ಟರು ಹೇಳಿದ ಮೇಲಿನ ತಿಂಗಳುಗಳಿಗೆ ಮಾತ್ರ ಯಾರೂ ದುಡ್ಡು ತೆಗೆದಿಟ್ಟಿರುವುದಿಲ್ಲ.

ಅಪ್ಪ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯೊಂದರಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸಿದವರು. ಲೈನಿಂಗ್, ಫಾಲ್ಸ್, ಬ್ಲೌಸ್ ಪೀಸು. ಕ್ಯಾನ್ಸರ್ ಮೂಳೆಗೆ ಹರಡಿ ಹಾಸಿಗೆ ಹಿಡಿದರು. ಹಗಲು ರಾತ್ರಿ ನೋಡಿಕೊಳ್ಳುವವರಿಗೆ ತಿಂಗಳಿಗೆ ₹25,000, ಬಾಡಿಗೆ ಮಂಚ, ಗಾಳಿ ಹಾಸಿಗೆ, ಡೈಪರ್. ನೋವು ತಡೆಯಲಾಗದ ರಾತ್ರಿ ಆಂಬುಲೆನ್ಸ್, ಎಮರ್ಜೆನ್ಸಿ ವಾರ್ಡು, ಮತ್ತದೇ ಸ್ಕ್ಯಾನು. ಅಪ್ಪನಿಗೆ ವಿಮೆ ಇರಲಿಲ್ಲ. ಇದ್ದರೂ ಆರೋಗ್ಯ ವಿಮೆ ಬಹುಪಾಲು ಆಸ್ಪತ್ರೆಗೆ ಸೇರಿದ ಖರ್ಚಿಗೇ ಹೊರತು ಮನೆಯಲ್ಲಿ ಕಾಯುವವರ ಸಂಬಳಕ್ಕಲ್ಲ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ತಗ್ಗಿಸುವ ಆರೈಕೆ, ಎಂಬುದೊಂದಿದೆ ಎಂದು ಹೇಳಿದವರು ಪಕ್ಕದ ಅಂಗಡಿಯ ಟೈಲರ್. ಅವರ ಅತ್ತೆಯನ್ನು ಕರುಣಾಶ್ರಯದವರು ನೋಡಿಕೊಂಡಿದ್ದರಂತೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಘಟಕವೂ ಇಂದಿರಾನಗರದ ರೋಟರಿಯೂ ಸೇರಿ 1994ರಲ್ಲಿ ಕಟ್ಟಿದ ಟ್ರಸ್ಟ್ ಅದು. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಮಾರತ್ತಹಳ್ಳಿಯಲ್ಲಿ 1999ರಿಂದ ಹಾಸಿಗೆಗಳಿವೆ. ಮನೆಗೂ ನರ್ಸ್ ಬರುತ್ತಾರೆ. ಹಣ ಕೇಳುವುದಿಲ್ಲ.

ಅಪ್ಪ ಬೇಡ ಅಂದದ್ದೇ ಅಲ್ಲಿ. 'ಧರ್ಮಕ್ಕೆ ಯಾಕಮ್ಮ? ಇಲ್ಲದೋರ ಪಾಲು ಅದು.' ಸಾಲ ಇಟ್ಟುಕೊಳ್ಳದೆ ವ್ಯಾಪಾರ ಮಾಡಿದ ಮನುಷ್ಯ. ದಾನಿಗಳ ದುಡ್ಡಿನಲ್ಲಿ ನಡೆಯುತ್ತದೆ, ಕೈಲಾದಾಗ ನಾವೂ ಕೊಡೋಣ ಎಂದ ಮೇಲೆ ಒಪ್ಪಿದರು. ನೆಂಟರ ಮಾತು ಬೇರೆ: 'ಅಂದ್ರೆ ಕೈಬಿಟ್ಟುಬಿಟ್ರಾ?' ನೋವಿಗೆ ಔಷಧ ಕೊಡುವುದನ್ನು ಕೈಬಿಡುವುದು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಂದ ನರ್ಸ್, ಬೆನ್ನಡಿ ಅಡ್ಡಲಾಗಿ ಹಾಸಿದ ಮಡಿಸಿದ ದುಪ್ಪಟಿಯ ಎರಡು ಅಂಚು ಹಿಡಿದು ಅಪ್ಪನನ್ನು ನೋವಾಗದಂತೆ ಮಗ್ಗುಲಿಗೆ ಹೊರಳಿಸುವುದನ್ನು ಅಮ್ಮನಿಗೂ ನನಗೂ ಕಲಿಸಿದರು. ಮಾರ್ಫಿನ್ ಮಾತ್ರೆಯ ಹೊತ್ತುಗಳನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಬರೆದೆವು. ಜೊತೆಗೆ ಮಲಬದ್ಧತೆಯ ಔಷಧ ತಪ್ಪಬಾರದು. ಮಾರ್ಫಿನ್ ಮಾತ್ರೆ ದುಬಾರಿಯದಲ್ಲ, ಸಿಗುವುದು ಕಷ್ಟ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಆಸ್ಪತ್ರೆ, ಸಂಸ್ಥೆಗಳಿಗೆ ದಾರಿ ಸಲೀಸಾಯಿತು. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೂ ಪ್ಯಾಲಿಯೇಟಿವ್ ವಿಭಾಗವಿದೆ. ನೋವು ಹತೋಟಿಗೆ ಬಂದಮೇಲೆ ನಮ್ಮ ರಾತ್ರಿಯ ಆಂಬುಲೆನ್ಸ್ ನಿಂತಿತು. ನಮಗೆ ಉಳಿದ ದೊಡ್ಡ ದುಡ್ಡು ಅದೇ. ಆದ್ದರಿಂದ ಕೀಮೊ ನಡೆಯುತ್ತಿರುವಾಗಲೇ 'ಪ್ಯಾಲಿಯೇಟಿವ್‌ನವರನ್ನೂ ತೋರಿಸಬಹುದಾ ಡಾಕ್ಟ್ರೇ' ಎಂದು ಕೇಳಿ.

ತೆರಿಗೆಯಲ್ಲೂ ಸ್ವಲ್ಪ ಆಸರೆಯಿದೆ, ಹಳೆಯ ಪದ್ಧತಿಯಲ್ಲಿ ಇರುವವರಿಗೆ. 1961ರ ಕಾಯ್ದೆಯ 80ಡಿಡಿಬಿಯಲ್ಲಿ, ನಿಮ್ಮನ್ನೇ ನಂಬಿದ ಹಿರಿಯ ನಾಗರಿಕರ ಕ್ಯಾನ್ಸರ್ ಚಿಕಿತ್ಸೆಗೆ ₹1,00,000ದವರೆಗೆ ವಿನಾಯಿತಿ. ತಜ್ಞ ವೈದ್ಯರ ಚೀಟಿ ಬೇಕು. ವಿಮೆಯಿಲ್ಲದ ಹಿರಿಯರ ವೈದ್ಯಕೀಯ ಖರ್ಚಿಗೆ 80ಡಿಯಲ್ಲಿ ₹50,000ದವರೆಗೆ, ನಗದಲ್ಲಿ ಕೊಟ್ಟಿರಬಾರದು. ಮೆಡಿಕಲ್ ಶಾಪಿಗೆ ಯುಪಿಐ ಮಾಡಿ.

ವೆಂಟಿಲೇಟರ್ ಬೇಡ ಎಂದು ಅಪ್ಪ ಬಾಯಲ್ಲಿ ಹೇಳುತ್ತಲೇ ಇದ್ದರು. ಅದನ್ನು ಬರೆದಿಡುವ ಪತ್ರಕ್ಕೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಇಬ್ಬರು ಸಾಕ್ಷಿಗಳು, ನೋಟರಿ ಸಾಕು. ತಮ್ಮ ಪರವಾಗಿ ನಿರ್ಧರಿಸುವವರಾಗಿ ಅಣ್ಣನ ಜೊತೆ ನನ್ನ ಹೆಸರನ್ನೂ ಅಪ್ಪ ಅದರಲ್ಲಿ ಬರೆಸಿದರು. ಅವರೊಬ್ಬರ ಹೆಸರಲ್ಲೇ ಇದ್ದ ಉಳಿತಾಯ ಖಾತೆಗೆ ಅಮ್ಮನನ್ನು ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತೆ ಮಾಡಿದ್ದೂ ಆ ದಿನಗಳಲ್ಲೇ. ಅಪ್ಪನಿಗೆ ಸಹಿ ಮಾಡುವ ಶಕ್ತಿ ಇನ್ನೂ ಇತ್ತು.