ಕಣ್ಣಾಡಿಸಿದರೆ ಮನಸ್ಸಿನ ಗಾಯ ಮಾಯುತ್ತದೆಯೇ?

ಪ್ರಶ್ನೆ: ಎರಡು ವರ್ಷದ ಹಿಂದಿನ ಬಸ್ ಅಪಘಾತ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬ್ರೇಕ್ ಸದ್ದು ಕೇಳಿದರೆ ಸಾಕು, ಮೈ ನಡುಗುತ್ತದೆ. ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಆಡಿಸುವ ‘ಇಎಂಡಿಆರ್’ ಚಿಕಿತ್ಸೆಯಿಂದ ಇದು ಗುಣವಾಗುತ್ತದೆಯೇ? ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಆ ಗುಣವನ್ನೆಲ್ಲ ಕಣ್ಣಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಈ ಚಿಕಿತ್ಸೆಗೆ ಎಂಟು ಹಂತಗಳಿವೆ. ಹಿನ್ನೆಲೆ ತಿಳಿಯುವುದು, ಸಂಕಟ ಉಕ್ಕಿದಾಗ ಮನಸ್ಸನ್ನು ಹಿಡಿತಕ್ಕೆ ತರುವ ಬಗೆ ಕಲಿಸುವುದು, ಇವೆಲ್ಲ ಆದ ಮೇಲೆಯೇ ಕಣ್ಣಿನ ಸರದಿ. ಆಗ ನೀವು ಕಾಡುವ ದೃಶ್ಯದ ಅತಿ ಕೆಟ್ಟ ಕ್ಷಣವೊಂದನ್ನು ಆಯ್ದುಕೊಳ್ಳುತ್ತೀರಿ. ‘ನನ್ನದೇ ತಪ್ಪು’ ಎಂಬಂತೆ ಅದಕ್ಕೆ ಅಂಟಿಕೊಂಡ ಮಾತನ್ನು ಗುರುತಿಸಿ, ಸಂಕಟಕ್ಕೆ 0ಯಿಂದ 10ರೊಳಗೆ ಅಂಕ ಕೊಡುತ್ತೀರಿ. ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ, ಅತ್ತಿಂದಿತ್ತ ಸರಿಯುವ ಚಿಕಿತ್ಸಕರ ಬೆರಳುಗಳನ್ನು ತಲೆ ಅಲುಗಿಸದೆ ಕಣ್ಣಲ್ಲೇ ಹಿಂಬಾಲಿಸುತ್ತೀರಿ. ಅರ್ಧ ನಿಮಿಷದ ಹೊತ್ತಿಗೆ ಬೆರಳು ನಿಲ್ಲುತ್ತದೆ. ‘ಈಗ ಏನು ಹೊಳೆಯಿತು?’ ಎಂದು ಕೇಳಿ, ಹೊಳೆದದ್ದನ್ನು ಹಿಡಿದು ಮತ್ತೆ ಶುರು. ಅಂಕ ಇಳಿಯುವವರೆಗೂ ಇದು ಸಾಗುತ್ತದೆ.

ಅಮೆರಿಕದ ಮನಃಶಾಸ್ತ್ರಜ್ಞೆ ಫ್ರಾನ್ಸೀನ್ ಶಪಿರೊ ಅವರಿಗೆ 1987ರಲ್ಲಿ ಉದ್ಯಾನವನವೊಂದರಲ್ಲಿ ನಡೆಯುತ್ತಿದ್ದಾಗ ಈ ವಿಚಾರ ಹೊಳೆಯಿತು. 1989ರಲ್ಲಿ ಅವರು ಪ್ರಕಟಿಸಿದ ಮೊದಲ ಅಧ್ಯಯನದಲ್ಲಿದ್ದವರು 22 ಮಂದಿ ಮಾತ್ರ. ಅಷ್ಟು ಸಣ್ಣ ಆಧಾರದ ಮೇಲೆ ದೊಡ್ಡ ಭರವಸೆ ಕಟ್ಟಿದಾಗ ವಿಜ್ಞಾನಿಗಳು ಹುಬ್ಬೇರಿಸಿದ್ದು ನ್ಯಾಯವೇ. ಆಮೇಲೆ ಹಲವು ದೇಶಗಳಲ್ಲಿ ನಿಯಂತ್ರಿತ ಪ್ರಯೋಗಗಳು ನಡೆದವು. ಆಘಾತದ ನಂತರದ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ವಿಮರ್ಶೆ ಎರಡೂ ಮಾತು ಹೇಳಿತು: ಆಘಾತವನ್ನೇ ಗುರಿಯಾಗಿಸಿದ ಅರಿವು-ವರ್ತನಾ ಚಿಕಿತ್ಸೆಯಷ್ಟೇ ಇದೂ ಫಲ ಕೊಡುತ್ತದೆ, ಆದರೆ ಪ್ರಯೋಗಗಳ ಗುಣಮಟ್ಟ ಇನ್ನೂ ಸುಧಾರಿಸಬೇಕು.

ಕಣ್ಣಾಡಿಸದಿದ್ದರೂ ಇಷ್ಟೇ ಫಲ ಸಿಗುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. 2001ರ ವಿಶ್ಲೇಷಣೆಯೊಂದು ಕಣ್ಣಿನ ಚಲನೆಯಿಂದ ಹೆಚ್ಚುವರಿ ಲಾಭ ಕಾಣದು ಎಂದಿತು. 2013ರ ಇನ್ನೊಂದು, ಲಾಭವಿದೆ ಎಂದಿತು. ಈಗ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು: ಮನಸ್ಸು ಒಂದು ಹೊತ್ತಿನಲ್ಲಿ ಹಿಡಿದಿಡಬಲ್ಲದ್ದಕ್ಕೆ ಮಿತಿಯಿದೆ. ಬೆರಳನ್ನು ಹಿಂಬಾಲಿಸುವ ಕೆಲಸ ಅದರಲ್ಲೊಂದು ಪಾಲನ್ನು ಕಿತ್ತುಕೊಂಡಾಗ, ಭಯದ ಚಿತ್ರ ಮೊದಲಿನ ತೀವ್ರತೆಯಲ್ಲಿ ನಿಲ್ಲಲಾರದು. ಮಂಕಾದ ರೂಪದಲ್ಲೇ ನೆನಪಿನ ಕಣಜಕ್ಕೆ ಮರಳುತ್ತದೆ. ಹಾಗಾದರೆ ಗಮನ ಬೇಡುವ ಬೇರೆ ಕೆಲಸವೂ ಇದನ್ನು ಸಾಧಿಸಬಹುದು. ಕಣ್ಣು ಒಂದು ಸಾಧನ ಅಷ್ಟೇ. ಹೇಗೆ ಕೆಲಸ ಮಾಡುತ್ತದೆಂಬುದು ತೀರ್ಮಾನವಾಗಿಲ್ಲವೆಂದು ಚಿಕಿತ್ಸೆಯನ್ನೇ ತಳ್ಳಿಹಾಕಬೇಕಿಲ್ಲ. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ, ಅದರ ಕೆಲಸದ ಗುಟ್ಟು ಬಯಲಾದದ್ದು 1971ರಲ್ಲಿ. ಆದರೆ ಪುರಾವೆ ಇರುವುದು ಮುಖ್ಯವಾಗಿ ಪಿಟಿಎಸ್‌ಡಿಗೆ. ಮನಸ್ಸಿನ ಎಲ್ಲ ನೋವಿಗೂ ಇದೇ ಮದ್ದು ಎನ್ನುವವರನ್ನು ನಂಬಬೇಡಿ.

ಕಣ್ಣಾಡಿಸುವುದು ಚಿಕಿತ್ಸೆಯ ಒಂದು ಭಾಗ ಮಾತ್ರ, ಆದ್ದರಿಂದಲೇ ವಿಡಿಯೊ ನೋಡಿ ಮಾಡಿಕೊಳ್ಳುವುದು ಬೇಡ. ಪರದೆಯ ಮೇಲಿನ ಚುಕ್ಕಿ ಎಡಬಲಕ್ಕೆ ಓಡಬಲ್ಲದು. ನಿಮ್ಮ ಉಸಿರು ಕಟ್ಟಿದ್ದನ್ನು ಕಂಡು ನಿಲ್ಲಲಾರದು. ಕೆದಕಿದ ನೆನಪು ಅರ್ಧಕ್ಕೇ ಉಳಿದರೆ ಸಂಕಟ ಹೆಚ್ಚಬಹುದು. ಮೂರ್ಛೆರೋಗ, ಕಣ್ಣಿನ ತೊಂದರೆ, ಪ್ರಜ್ಞೆ ತಪ್ಪಿದಂತಾಗುವುದು, ಸಾಯುವ ಯೋಚನೆ ಇವುಗಳಲ್ಲಿ ಯಾವುದಿದ್ದರೂ ಚಿಕಿತ್ಸಕರಿಗೆ ಮೊದಲೇ ಹೇಳಿ. ಈಗಿನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಮನೋವೈದ್ಯರನ್ನು ಕಂಡು ಕಾಯಿಲೆ ಪಿಟಿಎಸ್‌ಡಿಯೇ ಎಂದು ಖಚಿತಪಡಿಸಿಕೊಳ್ಳಿ; ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಅಪಘಾತವನ್ನು ಯಾವ ಚಿಕಿತ್ಸೆಯೂ ಮರೆಸದು. ಬ್ರೇಕ್ ಸದ್ದು ಬರೀ ಬ್ರೇಕ್ ಸದ್ದಾಗಿ ಕೇಳಿಸಿ, ನೀವು ಬಸ್ಸಿನಲ್ಲಿ ನಿಶ್ಚಿಂತೆಯಿಂದ ಕೂರುವಂತಾದರೆ ಚಿಕಿತ್ಸೆ ಗೆದ್ದಂತೆ.